ಬೂದಿ, ಮುಳ್ಳು, ಹರಿಗೋಲು

ಕಳೆದ ಭಾನುವಾರ ಯಗಚಿ ಹಿನ್ನೀರಿನಲ್ಲಿ ಒಂದು ಗಂಟೆ ಹುಟ್ಟು ಹಾಕಿ ದಡಕ್ಕೆ ಬಂದು ಎದ್ದು ನಿಂತರೆ, ಪಂಚೆ ಒಣಗಿದ್ದು ಒಣಗಿದ ಹಾಗೇ ಇತ್ತು. ಬಗ್ಗಿ ತಳ ಸವರಿ ನೋಡಿದೆ. ಬೆರಳಿಗೆ ಅಂಟಿದ್ದು ಒಣ ಬೂದಿ. ಹರಿಗೋಲು ಕೊಂಡು ಹದಿನಾಲ್ಕು ತಿಂಗಳಾಯಿತು. ನೀರು ಮೊಗೆದು ಚೆಲ್ಲುವ ಡಬ್ಬಕ್ಕೆ ಕೆಲಸವಿಲ್ಲದ ದಿನ ಅದೇ ಮೊದಲು. ಆ ಸಂತೋಷದಲ್ಲಿ ಅರಸೀಕೆರೆಯ ಬಸ್ಸು ಹೋದದ್ದೂ ತಿಳಿಯಲಿಲ್ಲ. ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಎರಡು ಕಾಫಿ ಕುಡಿದು ಕೂತೆ.

ನಮ್ಮದು ತೆಂಗಿನ ಸೀಮೆ. ಊರಿಗೆ ಹೆಸರು ಕೊಟ್ಟದ್ದೇ ಅರಸಿಯ ಕೆರೆ, ಆದರೂ ನೀರಿಗೆ ಬರ. ಹಾಗಾಗಿ ನಾನಿರುವುದು ಅರಸೀಕೆರೆಯಲ್ಲಿ, ಹರಿಗೋಲು ಇರುವುದು ಬೇಲೂರಿನ ಹತ್ತಿರ. ಎಂಟಡಿ ಅಗಲದ್ದು. ಕೊಂಡಾಗ ಬಾಯಿಯಂಚು ಎರಡು ಕಡೆ ಬಿಚ್ಚಿಕೊಂಡಿತ್ತು, ತಳದಲ್ಲಿ ಮೂರು ದೆಬ್ಬೆ ಮುರಿದಿದ್ದವು, ಟಾರು ಬಿರುಕು ಬಿಟ್ಟಿತ್ತು. ಮಾರಿದವನು, "ಒಂದು ಕೋಟ್ ಟಾರು ಹೊಡೀರಿ ಸಾ, ಹತ್ತು ವರ್ಷ ಬರ್ತದೆ" ಅಂದ. ಹೊಡೆದೆ. ಹತ್ತು ದಿನ ಬರಲಿಲ್ಲ.

ಅಲ್ಲಿಂದ ಶುರುವಾಯಿತು ಗುರುವಿನ ಹುಡುಕಾಟ. ಹಿನ್ನೀರಿನಲ್ಲಿ ಬಲೆ ಬಿಡುವವರನ್ನು ಕೇಳಿದರೆ, "ಹುಟ್ಟು ಹಾಕೋದು ಗೊತ್ತು, ಕಟ್ಟೋದು ಗೊತ್ತಿಲ್ಲ" ಅನ್ನುವವರೇ ಎಲ್ಲ. ಹಳೆಯದು ಸೋರಿದರೆ ಬಿಸಾಕಿ ಫೈಬರ್‌ದು ತರುತ್ತಾರೆ. ಅವರದು ಹೊಟ್ಟೆಪಾಡು, ತಪ್ಪಿಲ್ಲ. ಒಂದು ವಾರ ನೀರಿಗಿಳಿಯದಿದ್ದರೆ ಮೀನೂ ಇಲ್ಲ, ಕಾಸೂ ಇಲ್ಲ. ಆದರೆ ಬಿದಿರಿನ ಹರಿಗೋಲಿನಲ್ಲಿ ಕೂತರೆ ಅಲೆ ಬಂದಾಗ ತಳ ಉಸಿರಾಡಿದ ಹಾಗೆ ಸ್ವಲ್ಪ ಬಗ್ಗಿ ಮತ್ತೆ ಏಳುತ್ತದಲ್ಲ, ಅದು ಫೈಬರ್‌ನಲ್ಲಿ ಇಲ್ಲ. ಅದಕ್ಕಾಗಿಯೇ ನಾನು ಇದನ್ನು ಕೊಂಡದ್ದು.

ಕೊನೆಗೆ ನನಗೆ ಹೊಳೆದದ್ದು, ನಾನು ಒಬ್ಬ ಗುರುವನ್ನು ಹುಡುಕುತ್ತಿದ್ದೇನೆ, ಬೇಕಾದವರು ಇಬ್ಬರು ಎಂದು. ಹರಿಗೋಲಿನ ಒಳಮೈ, ಅಂದರೆ ಬಿದಿರಿನ ಹೆಣಿಗೆ, ಮೇದರದು; ಹೊರಮೈ, ಅಂದರೆ ಪ್ಲಾಸ್ಟಿಕ್ ಹೊದಿಕೆ ಮತ್ತು ಟಾರು, ಬೆಸ್ತರದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಾಗಿದ್ದರೆ ಸಲೀಸು: ಮೇದರ ಕೇತಯ್ಯನೂ ಅಂಬಿಗರ ಚೌಡಯ್ಯನೂ ಒಂದೇ ಶರಣರ ಗುಂಪಿನಲ್ಲಿದ್ದರು. ನನಗೆ ಒಬ್ಬರು ಅರಸೀಕೆರೆಯಲ್ಲಿ ಸಿಕ್ಕಿದರು, ಇನ್ನೊಬ್ಬರು ಬೇಲೂರಿನಲ್ಲಿ.

ಅರಸೀಕೆರೆಯವರು ಮೊರ, ಮಂಕರಿ, ಕುಕ್ಕೆ ಹೆಣೆಯುವ ಅಜ್ಜಮ್ಮ. ಹರಿಗೋಲನ್ನು ಅವರು ಹತ್ತಿರದಿಂದ ಕಂಡವರೇ ಅಲ್ಲ. ಫೋನಿನಲ್ಲಿ ಫೋಟೊ ತೋರಿಸಿದೆ. ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಇದೇನು, ದೊಡ್ಡ ಮಂಕರಿ ಕಣಪ್ಪ" ಅಂದರು. ಮೊದಲ ದಿನ ನಾನು ಒಯ್ದದ್ದು ಬರೀ ಪ್ರಶ್ನೆ. ಅವರು ಕೈಕೆಲಸ ಬಿಡದೆ "ಹೂಂ, ಹೂಂ" ಅಂದರು, ಏನೂ ಗಿಟ್ಟಲಿಲ್ಲ. ಎರಡನೆಯ ದಿನ ಒಂದು ಹಸಿ ಬಿದಿರು ಹೊತ್ತುಕೊಂಡು ಹೋದೆ. ಆಗ ಕತ್ತಿ ಕೈಗೆ ಬಂತು.

ಬಿದಿರು ಸೀಳುವಾಗ ಸೀಳು ನೇರ ಹೋಗುವುದಿಲ್ಲ. ಒಂದು ಪಕ್ಕ ದಪ್ಪ, ಒಂದು ಪಕ್ಕ ತೆಳ್ಳಗಾಗುತ್ತ ಹೋಗಿ ತೆಳ್ಳಗಿನದು ಕಿತ್ತು ಬರುತ್ತದೆ. ನಾನು ಕತ್ತಿ ತಿರುಗಿಸಿ ಸರಿಮಾಡಲು ನೋಡುತ್ತಿದ್ದೆ. ಅಜ್ಜಮ್ಮ ಕತ್ತಿಯನ್ನು ಕಿತ್ತು ಪಕ್ಕಕ್ಕಿಟ್ಟರು. ದಪ್ಪ ಪಕ್ಕವನ್ನು ಹೆಬ್ಬೆರಳಿನಿಂದ ಹೊರಕ್ಕೆ ಬಗ್ಗಿಸಿ, ತೆಳ್ಳಗಿನದನ್ನು ಕಾಲಡಿ ನೆಟ್ಟಗೆ ಒತ್ತಿ ಹಿಡಿದು ಎಳೆದರು. ಸೀಳು ದಪ್ಪದ ಕಡೆಗೆ ಸರಿದು ನಡುವಿಗೆ ಬಂತು. ಎಷ್ಟು ಬಗ್ಗಿಸಿದರೆ ಅಷ್ಟು ಸರಿಯುತ್ತದೆ. "ಕತ್ತಿ ಬಾಯಿ ತೆಗೆಯಕ್ಕೆ ಅಷ್ಟೆ, ದಾರಿ ತೋರ್ಸೋದು ಕೈಯಿ" ಅಂದರು. ಈ ಒಂದು ಮಾತಿಗೆ ನಾನು ನಾಲ್ಕು ತಿಂಗಳು ಅಲೆದಿದ್ದೆ. ಬಿದಿರನ್ನು ಮರವೆಂದು ಎಣಿಸುತ್ತಿದ್ದ ಅರಣ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಹೊಲದಲ್ಲಿ ಬೆಳೆದದ್ದನ್ನು ಕಡಿಯುವುದು ಸುಲಭವಾಗಿದೆ. ಬಿದಿರು ಸಿಗುತ್ತದೆ. ಹೀಗೆ ಸೀಳುವ ಹೆಬ್ಬೆರಳು ನಮ್ಮ ಪೇಟೆಯಲ್ಲಿ ನಾನು ಕಂಡದ್ದು ಅವರದೊಂದೇ.

ಬೇಲೂರಿನವರು ತಾತ. ಈಗ ನೀರಿಗಿಳಿಯುವುದಿಲ್ಲ, ದಡದಲ್ಲಿ ಕೂತು ಬಲೆ ಸರಿಮಾಡುತ್ತಾರೆ. ನನ್ನ ತೇಪೆಗಳನ್ನು ನೋಡಿ ಅವರು ಮೊದಲು ಹೇಳಿದ್ದು, "ಎಲ್ಲ ಒಳಗಿಂದ ಹಾಕಿದ್ದೀಯಲ್ಲಪ್ಪ."

ಇಲ್ಲಿ ನಾನು ಸ್ವಲ್ಪ ನಿಂತು ಹೇಳಲೇಬೇಕು. ಹರಿಗೋಲಿಗೆ ತೇಪೆ ಒಳಗಿಂದ ಹಾಕಬಾರದು. ನೀರು ಹೊರಗಿಂದ ಒತ್ತುತ್ತದೆ. ತೂತಿನ ಒಳಗಡೆ ಅಂಟಿಸಿದರೆ ಪ್ರತಿ ಕ್ಷಣವೂ ನೀರು ಆ ತೇಪೆಯನ್ನು ಕೀಳಲು ತಳ್ಳುತ್ತಿರುತ್ತದೆ; ಹೊರಗಡೆ ಅಂಟಿಸಿದರೆ ಅದೇ ನೀರು ಅದನ್ನು ಒತ್ತಿ ಹಿಡಿಯುತ್ತದೆ. ಇಷ್ಟು ಸರಳ. ಆದರೂ ದಡದಲ್ಲಿ ಹತ್ತು ಜನರಲ್ಲಿ ಎಂಟು ಜನ ಒಳಗಿಂದಲೇ ಹಾಕುತ್ತಾರೆ. ಕಾರಣ, ಮಗುಚಿ ಹಾಕಲು ಬೇಸರ, ತೂತು ಕಾಣುವುದೂ ಒಳಗಿಂದ. ಹೊರಗಿಂದ ಅದು ಎಲ್ಲಿದೆ ಎಂದು ಹುಡುಕುವುದು ಹೇಗೆ?

ಅದಕ್ಕೆ ತಾತನ ಉಪಾಯ: ಬೂದಿ ಮತ್ತು ಮುಳ್ಳು. ಹರಿಗೋಲನ್ನು ಎರಡು ದಿನ ನೆರಳಲ್ಲಿ ಚೆನ್ನಾಗಿ ಒಣಗಿಸಬೇಕು. ಒಲೆಯ ಬೂದಿಯನ್ನು ಹಳೇ ಬಟ್ಟೆಯಲ್ಲಿ ಸೋಸಿ, ದೆಬ್ಬೆಗಳ ನಡುವಿನ ಕಿಂಡಿಗಳಲ್ಲೆಲ್ಲ ತೆಳ್ಳಗೆ ಉದುರಿಸಬೇಕು. ಆಮೇಲೆ ಖಾಲಿ ಹರಿಗೋಲನ್ನು ಮೆಲ್ಲಗೆ ನೀರಿಗೆ ಬಿಟ್ಟು, ಅಂಚು ಹಿಡಿದು ಕಣ್ಣು ಮಿಟುಕಿಸದೆ ನೋಡಬೇಕು. ಬೆಳ್ಳಗಿನ ಬೂದಿಯಲ್ಲಿ ಒಂದು ಕಡೆ ಸಾಸಿವೆಯಷ್ಟು ಕಪ್ಪು ಮೂಡುತ್ತದೆ. ಅದೇ ಸೋರುವ ಜಾಗ. ತಡಮಾಡಿದರೆ ಕೆಟ್ಟಿತು: ನೀರು ದೆಬ್ಬೆಯ ಅಡಿಯಲ್ಲೇ ಹರಿದು ಒಂದು ಮೊಳ ಆಚೆ ಏಳುತ್ತದೆ, ನೀವು ಇಲ್ಲದ ತೂತಿಗೆ ತೇಪೆ ಹಾಕುತ್ತೀರಿ. ನಾನು ಒಂದು ವರ್ಷ ಮಾಡಿದ್ದು ಅದನ್ನೇ. ಕಪ್ಪು ಕಂಡ ತಕ್ಷಣ ಒಂದು ಜಾಲಿ ಮುಳ್ಳನ್ನು ಅಲ್ಲೇ ಒಳಗಿಂದ ಹೊರಕ್ಕೆ ಚುಚ್ಚಿಬಿಡಬೇಕು. ದಡಕ್ಕೆ ತಂದು ಮಗುಚಿದರೆ ಮುಳ್ಳಿನ ತುದಿ ಹೊರಗೆ ಎದ್ದು ನಿಂತಿರುತ್ತದೆ. ಅದರ ಸುತ್ತ ಗೋಣಿತಾಟಿನ ತುಂಡು, ಟಾರು. ತುಂಡನ್ನು ದುಂಡಗೆ ಕತ್ತರಿಸಬೇಕು, ಮೂಲೆಯಿದ್ದರೆ ಮೊದಲು ಏಳುವುದು ಮೂಲೆಯೇ.

ತಾತ ಇದನ್ನು ತೋರಿಸಿದ ದಿನ ನನಗೆ ನೆನಪಾದದ್ದು ಅಲ್ಲೇ ಎರಡು ಮೈಲಿಯಾಚೆ ನಿಂತಿರುವ ಕಪ್ಪೆ ಚೆನ್ನಿಗರಾಯ. ಜಕಣಾಚಾರಿ ಕೆತ್ತಿದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಅಂದ ಹುಡುಗ ಡಂಕಣ. ಮೈಗೆಲ್ಲ ಗಂಧ ಬಳಿದಾಗ ಹೊಕ್ಕುಳ ಹತ್ತಿರ ಮಾತ್ರ ಒಣಗದೆ ಉಳಿದದ್ದು, ಅಲ್ಲಿ ಕೆತ್ತಿದರೆ ನೀರು ಮತ್ತು ಕಪ್ಪೆ. ಕಥೆ ಎಲ್ಲರಿಗೂ ಗೊತ್ತು. ಆದರೆ ನಾವು ಅದನ್ನು ಕಪ್ಪೆಗಾಗಿ ಹೇಳುತ್ತೇವೆ, ತಂದೆ ಮಗನ ಗುರುತಿಗಾಗಿ ಹೇಳುತ್ತೇವೆ. ಗಂಧಕ್ಕಾಗಿ ಹೇಳುವುದಿಲ್ಲ. ಒದ್ದೆಯನ್ನು ಕಣ್ಣಿಗೆ ಕಾಣಿಸುವ ಉಪಾಯ ಬಲ್ಲ ಯಾರೋ ಕುಶಲಿಗರೇ ಆ ಕಥೆ ಕಟ್ಟಿರಬೇಕು ಎಂದು ನನ್ನ ನಂಬಿಕೆ.

ಇನ್ನೊಂದು ಜಗಳವಿದೆ. ಹರಿಗೋಲನ್ನು ಕಲ್ಲಿನ ಮೇಲೆ ದರದರ ಎಳೆಯುವವರ ಜೊತೆ. ನೀರಿನಿಂದ ತೆಗೆದು ಬೋರಲು ಮಾಡಿ ಬೆನ್ನಮೇಲೆ ಹೊತ್ತು ನಡೆಯುವುದು ಕ್ರಮ. ದೂರದ ವೇಲ್ಸ್‌ನಲ್ಲಿ ಬಟ್ಟೆ ಹೊದಿಸಿ ಟಾರು ಬಳಿದ ಇಂಥದೇ ಸಣ್ಣ ದೋಣಿಗಳನ್ನು ಟೈವಿ ನದಿಯ ಬೆಸ್ತರೂ ಬೆನ್ನಿಗೆ ಹೊತ್ತೇ ನಡೆಯುತ್ತಾರೆ. ನಮ್ಮ ದಡದಲ್ಲಿ ರಜೆಗೆ ಬಂದ ನಾಲ್ಕು ಹುಡುಗರು ಒಂದು ಹರಿಗೋಲನ್ನು ಅಂಚು ಹಿಡಿದು ಮೇಲಕ್ಕೆಳೆದು, ಅದರೊಳಗೆ ಚಪ್ಪಲಿ ಕಾಲಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಹೋದ ಮೇಲೆ ನೋಡಿದರೆ ಟಾರು ಗೀಚಿ ಬಿಳಿಯ ಪ್ಲಾಸ್ಟಿಕ್ ಕಾಣುತ್ತಿತ್ತು. ಒಬ್ಬರ ಎರಡು ದಿನದ ಕೆಲಸ ಅದು. ಬೆಳಿಗ್ಗೆ ಇದೇ ಹುಡುಗರು ಚೆನ್ನಕೇಶವನ ಗುಡಿಯಲ್ಲಿ ಗೋಡೆಯ ಶಿಲ್ಪಗಳನ್ನು ಮುಟ್ಟಲು ಹೆದರಿ ಕೈಕಟ್ಟಿ ನಿಂತಿದ್ದವರಿರಬೇಕು. ಕಲ್ಲಿಗೆ ಕೊಟ್ಟ ಮರ್ಯಾದೆಯನ್ನು ಬಿದಿರಿಗೆ ಕೊಡದ ಈ ಬುದ್ಧಿಯನ್ನು ನಾನು ಕ್ಷಮಿಸಲಾರೆ.

ಕಲ್ಲು ಉಳಿದದ್ದಕ್ಕೆ ಇನ್ನೊಂದು ಕಾರಣವೂ ಇದೆ. 1117ರ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದರು. ಅಪ್ಪನಿಂದ ಮಗ ಕಲಿತ ವಿದ್ಯೆ ಕಲ್ಲಿನಲ್ಲೇ ದಾಖಲಾಯಿತು. ಚೌಡಯ್ಯನಾದರೂ ವಚನಕ್ಕೆ ದೇವರ ಅಂಕಿತ ಹಾಕದೆ ಅಂಬಿಗನೆಂಬ ತನ್ನ ಹೆಸರನ್ನೇ ಇಟ್ಟ. ಆದರೆ ಅವನು ಹುಟ್ಟು ಹಾಕಿದ ದೋಣಿ ಕಟ್ಟಿದವರು ಯಾರು? 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್, ಬುಟ್ಟಿಯಂತೆ ದುಂಡಗಿನ, ಚರ್ಮ ಹೊದಿಸಿದ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು, ಬೇಕೆಂದರೆ ಕುದುರೆ ಎತ್ತುಗಳನ್ನೂ ಹೊಳೆ ದಾಟಿಸುತ್ತಿದ್ದವೆಂದು ಬರೆದಿಟ್ಟ. ಹೆಣೆದವರ ಹೆಸರು ಅವನೂ ಬರೆಯಲಿಲ್ಲ. ಹಳೇಬೀಡಿಗೆ ಹೋದಾಗಲೆಲ್ಲ ನಾನು ಗುಡಿ ನೋಡಿ ಮುಗಿಸಿ ದ್ವಾರಸಮುದ್ರದ ಏರಿ ಮೇಲೆ ನಿಲ್ಲುತ್ತೇನೆ. ಅಷ್ಟು ದೊಡ್ಡ ಕೆರೆಯಿದ್ದ ರಾಜಧಾನಿಯಲ್ಲಿ ಹರಿಗೋಲು ಕಟ್ಟುವವರಿಲ್ಲದೆ ಇದ್ದಾರೆಯೇ?

ಅಜ್ಜಮ್ಮನನ್ನು ಒಂದು ದಿನ ಬೇಲೂರಿಗೆ ಕರೆದೊಯ್ದಿದ್ದೆ. ತಾತ ಬಾಯಿಯಂಚಿನ ಕಟ್ಟು ಹೇಗಿರಬೇಕೆಂದು ಬಾಯಲ್ಲಿ ಹೇಳುತ್ತ ಹೋದರು, ಅಜ್ಜಮ್ಮ ಕೈಯಲ್ಲಿ ಕಟ್ಟುತ್ತ ಹೋದರು. ಇಬ್ಬರೂ ಒಬ್ಬರ ಹೆಸರನ್ನೊಬ್ಬರು ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಚು ಮುಗಿದಿತ್ತು, ನಾನು ಅರ್ಧವನ್ನೂ ಕಣ್ಣಲ್ಲಿ ಹಿಡಿದಿರಲಿಲ್ಲ. ಇನ್ನೊಮ್ಮೆ ಬಿಚ್ಚಿ ಕಟ್ಟಿಸಿಕೊಂಡು ಕಲಿಯಬೇಕು.

ತುಂಗಭದ್ರೆಯ ದಡದಲ್ಲೋ ಹೇಮಾವತಿಯ ಹಿನ್ನೀರಿನಲ್ಲೋ ಕಾವೇರಿಯ ಕಡವಿನಲ್ಲೋ ಬಿದಿರಿನ ಹರಿಗೋಲು ಕಟ್ಟಬಲ್ಲ ಹಿರಿಯರು ನಿಮ್ಮೂರಿನಲ್ಲಿ ಇದ್ದರೆ, ಈ ಮಳೆಗಾಲಕ್ಕೆ ಮೊದಲು ಹೋಗಿ ಅವರ ಪಕ್ಕ ಒಂದು ದಿನ ಕೂರಿ. ಹೋಗುವಾಗ ಪ್ರಶ್ನೆ ಒಯ್ಯಬೇಡಿ, ಒಂದು ಹಸಿ ಬಿದಿರು ಒಯ್ಯಿರಿ. ಬರುವಾಗ ಅವರ ಹೆಸರನ್ನು ಬರೆದುಕೊಂಡು ಬನ್ನಿ.