ರಾಮನಗರಕ್ಕೆ ದೋಣಿಯಲ್ಲಿ

ಕಾಶಿಗೆ ಹೋದವರು ಘಟ್ಟಗಳನ್ನು ನೋಡಿ, ವಿಶ್ವನಾಥನ ದರ್ಶನ ಮಾಡಿ, ಒಂದು ತಂಬಿಗೆ ಗಂಗಾಜಲ ಕಟ್ಟಿಸಿಕೊಂಡು ಹಿಂದಿರುಗುವುದು ವಾಡಿಕೆ. ಆಚೆ ದಡದ ರಾಮನಗರವನ್ನು ನೋಡಿಬಂದೆವೆನ್ನುವವರು ಕಡಿಮೆ. ನಾವೂ ಅದನ್ನು ಬಿಟ್ಟೇ ಬರುತ್ತಿದ್ದೆವೋ ಏನೋ. ಮಗಳ ಶಾಲೆಯ ಒಂದು ಇಂಗ್ಲಿಷ್ ಪ್ರಬಂಧ ನಮ್ಮನ್ನು ಅಲ್ಲಿಗೆ ಎಳೆದುಕೊಂಡು ಹೋಯಿತು.

ನನಗೆ ವರ್ಗವಾಗಿ ನಾವು ಉತ್ತರದೇಶಕ್ಕೆ ಬಂದು ಒಂದೂವರೆ ವರ್ಷವಾಯಿತು. ಮಗಳಿಗೆ ಈಗ ಹದಿನಾಲ್ಕು. ಶಿವಮೊಗ್ಗದಲ್ಲಿ ಏಳನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ವಿಜ್ಞಾನದಲ್ಲಿ ತರಗತಿಗೇ ಮೊದಲಿಗಳೆನಿಸಿಕೊಂಡಿದ್ದವಳು, ಇಲ್ಲಿಯ ಇಂಗ್ಲಿಷ್ ಶಾಲೆಗೆ ಸೇರಿದ ಮೇಲೆ ಬಾಯಿ ಬಿಡದಾದಳು. ಮೊದಮೊದಲು “ಇಂಗ್ಲಿಷ್ ಬರುವುದಿಲ್ಲ” ಎನ್ನುತ್ತಿದ್ದಳು; ಬರಬರುತ್ತಾ “ಅಪ್ಪಾ, ನನಗೆ ವಿಜ್ಞಾನವೇ ಬರುವುದಿಲ್ಲ” ಎನ್ನತೊಡಗಿದಳು. ಈ ಎರಡನೆಯ ಮಾತು ನಮ್ಮಿಬ್ಬರಿಗೂ ಚಿಂತೆ ಹಚ್ಚಿತ್ತು. ದೀಪಾವಳಿಯ ರಜೆಗೆ ಮುಂಚೆ ಅವಳ ಮೇಷ್ಟರು, ಯಾವುದಾದರೂ ಒಂದು ಊರಿನ ಸಾರಿಗೆಯ ಇತಿಹಾಸವನ್ನೂ ಅದರಲ್ಲಿ ವಿಜ್ಞಾನದ ಪಾತ್ರವನ್ನೂ ಕುರಿತು ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದು ತರಹೇಳಿದ್ದರು. ನಾವು ಕಾಶಿಗೆ ಹೊರಟಾಗ ಅವಳ ನೋಟುಪುಸ್ತಕದಲ್ಲಿದ್ದುದು ಮೂರು ಸಾಲು, ಮೂರನ್ನೂ ಹೊಡೆದುಹಾಕಿದ್ದಳು.

“ಕಾಶಿಯ ಮೇಲೆಯೇ ಬರೆಯಬಹುದಲ್ಲ,” ಎಂದೆ.

“ಕಾಶಿಯಲ್ಲಿ ಸಾರಿಗೆ ಏನಿದೆ, ಬರೀ ಗಲ್ಲಿಗಳು,” ಎಂದಳು.

ನಾವು ಇಳಿದುಕೊಂಡಿದ್ದ ಛತ್ರದಲ್ಲಿ ವೃದ್ಧರೊಬ್ಬರಿದ್ದರು. ಕನ್ನಡದವರೇ, ಕಾಶಿಯಲ್ಲಿ ನೆಲಸಿ ನಲವತ್ತು ವರ್ಷವಾದವರು. ಅವರು ಇದನ್ನು ಕೇಳಿ ನಕ್ಕು, “ಮಗೂ, ನಾಳೆ ಬೆಳಗ್ಗೆ ರಾಮನಗರಕ್ಕೆ ಹೋಗಿ ಬಾ. ಹೋಗುವಾಗ ದೋಣಿಯಲ್ಲಿ ಹೋಗು, ಬರುವಾಗ ಸೇತುವೆಯ ಮೇಲೆ ಬಾ. ನಿನಗೆ ಬೇಕಾದ ಇತಿಹಾಸವೆಲ್ಲ ಅಷ್ಟರಲ್ಲೇ ಇದೆ,” ಎಂದರು.

ಅಸ್ಸೀ ಘಟ್ಟದಲ್ಲಿ ದೋಣಿ ಹತ್ತಿದಾಗ ಸೂರ್ಯ ಆಗತಾನೆ ಆಚೆ ದಡದ ಮರಳಿನ ಮೇಲೆ ಎದ್ದಿದ್ದ. ನಮ್ಮ ಅಂಬಿಗ ಐವತ್ತರ ಹತ್ತಿರದವನು. ಅವನ ತಂದೆ ಕಾಲವೆಲ್ಲ ಹುಟ್ಟು ಹಾಕಿದವನಂತೆ. ಇವನ ಕಾಲಕ್ಕೆ ಡೀಸೆಲ್ ಎಂಜಿನ್ನು ಬಂತು. ಈಚೆಗೆ ಅದೂ ಹೋಗಿ ಸಿ.ಎನ್.ಜಿ. ಎಂಜಿನ್ನು ಬಂದಿದೆ. “ಹೊಗೆ ಕಡಿಮೆ, ಸದ್ದೂ ಕಡಿಮೆ,” ಎಂದು ಹೇಳಿ, “ಆದರೆ ಸೇತುವೆಯಾದ ಮೇಲೆ ದೋಣಿಯಲ್ಲಿ ರಾಮನಗರಕ್ಕೆ ಹೋಗುವವರೂ ಕಡಿಮೆ,” ಎಂದು ಸೇರಿಸಿದ.

ದೋಣಿ ನಿಧಾನವಾಗಿ ಸಾಗುತ್ತಿತ್ತು. ಹಿಮಾಲಯದಿಂದ ಸಮುದ್ರಕ್ಕೆ ಹೋಗುವ ಗಂಗೆ ಕಾಶಿಯಲ್ಲಿ ತಿರುಗಿ ಉತ್ತರಕ್ಕೆ ಹರಿಯುತ್ತಾಳೆ. ಇದನ್ನು ನಮ್ಮ ಹಿರಿಯರು ಬಹಳ ಪುಣ್ಯಕರವೆಂದು ಎಣಿಸಿದರು. ರಾಮನಗರ ತೆಂಕಣಕ್ಕಿರುವುದರಿಂದ ನಾವು ಹೊಳೆಗೆ ಎದುರಾಗಿ ಹೋಗಬೇಕು. ಬಾಗಿ ಹರಿಯುವ ಹೊಳೆ ಬಾಗಿನ ಹೊರಮಗ್ಗುಲನ್ನು ಕೊರೆಯುತ್ತದೆ, ಒಳಮಗ್ಗುಲಿನಲ್ಲಿ ಮರಳು ಬಿಡುತ್ತದೆ. ಕಾಶಿಯ ಕಡೆ ಎತ್ತರವಾದ ಗಟ್ಟಿ ದಡ, ಆಳವಾದ ನೀರು, ಸಾಲು ಘಟ್ಟಗಳು. ಎದುರಿಗೆ ಬಯಲು ಮರಳು. ಊರು ಒಂದೇ ದಡದಲ್ಲಿ ಬೆಳೆದುದಕ್ಕೆ ಇದೂ ಒಂದು ಕಾರಣ. ನಾನು ಇದನ್ನು ಹೇಳುತ್ತಿದ್ದಾಗ ಮಗಳು ನೋಟುಪುಸ್ತಕವನ್ನು ತೆರೆದುಕೊಂಡಳು. ನಾನು ಕಾಣದವನಂತೆ ಬೇರೆ ಕಡೆ ನೋಡಿದೆ.

ಮುಕ್ಕಾಲು ಗಂಟೆಯಾದ ಮೇಲೆ ಕೋಟೆ ನೀರಿನಿಂದಲೇ ಎದ್ದುಬಂದಂತೆ ಕಾಣಿಸಿತು. ಚುನಾರಿನ ತಿಳಿಹಳದಿ ಮರಳುಗಲ್ಲಿನಿಂದ ಇದನ್ನು ಹದಿನೆಂಟನೆಯ ಶತಮಾನದ ನಡುವೆ ರಾಜಾ ಬಲವಂತಸಿಂಹ ಕಟ್ಟಿಸಿದನು. ಕಾಶಿಯ ರಾಜರ ಮನೆ ಇದು. ಒಳಗೆ ವೇದವ್ಯಾಸರ ಗುಡಿಯೂ ಒಂದು ವಸ್ತುಸಂಗ್ರಹಾಲಯವೂ ಇವೆ. ಸಂಗ್ರಹಾಲಯದಲ್ಲಿ ಚಿತ್ರ ತೆಗೆಯುವಂತಿಲ್ಲವಾದ್ದರಿಂದ ಫೋನು ಚೀಲದಲ್ಲಿಯೇ ಉಳಿಯಿತು, ಪೆನ್ಸಿಲಿಗೆ ಕೆಲಸ ಬಂತು.

ಅಲ್ಲಿ ನೋಡಬೇಕಾದುದು ರಾಜರ ವಾಹನಗಳು. ಕುಸುರಿ ಮಾಡಿದ ಪಲ್ಲಕ್ಕಿಗಳು, ಆನೆಯ ಅಂಬಾರಿಗಳು, ಕುದುರೆಗಾಡಿಗಳು, ಆಮೇಲೆ ಅಮೆರಿಕೆಯಿಂದ ತರಿಸಿದ ಹಳೆಯ ಮೋಟಾರುಗಳು. ಧೂಳು ಸಾಕಷ್ಟು ಕುಳಿತಿದೆ. ಆದರೂ ಇಷ್ಟನ್ನು ಸಾಲಾಗಿ ನೋಡಿದರೆ ಸಾರಿಗೆಯ ಕಥೆ ತಾನಾಗಿಯೇ ಕಣ್ಣಿಗೆ ಕಟ್ಟುತ್ತದೆ: ಮೊದಲು ಮನುಷ್ಯನ ಹೆಗಲು, ಆಮೇಲೆ ಪ್ರಾಣಿಯ ಬೆನ್ನು, ಆಮೇಲೆ ಎಣ್ಣೆ ಕುಡಿಯುವ ಎಂಜಿನ್ನು. ಜೇಮ್ಸ್ ವಾಟ್ ಎಂಬ ಸ್ಕಾಟ್‌ಲೆಂಡಿನ ಪಂಡಿತ ತನ್ನ ಉಗಿಯಂತ್ರ ಎಷ್ಟು ಕೆಲಸ ಮಾಡುತ್ತದೆಂಬುದನ್ನು ಕೊಳ್ಳುವವರಿಗೆ ತಿಳಿಯಹೇಳಲು ಕುದುರೆಯನ್ನೇ ಅಳತೆಗೋಲು ಮಾಡಿಕೊಂಡ. ಅಶ್ವಶಕ್ತಿ ಎಂಬ ಮಾತು ಅಲ್ಲಿಂದ ಬಂತು. ಕುದುರೆಯನ್ನು ಬಿಟ್ಟರೂ ಕುದುರೆಯ ಲೆಕ್ಕವನ್ನು ನಾವಿನ್ನೂ ಬಿಟ್ಟಿಲ್ಲ.

ನಮ್ಮಾಕೆ ಪಲ್ಲಕ್ಕಿಗಳ ಮುಂದೆ ಬಹಳ ಹೊತ್ತು ನಿಂತು, “ಕೂತವರ ಹೆಸರು ಬರೆದಿದ್ದಾರೆ, ಹೊತ್ತವರ ಹೆಸರು ಎಲ್ಲಿಯೂ ಇಲ್ಲವಲ್ಲ,” ಎಂದಳು. ಅದೂ ನೋಟುಪುಸ್ತಕಕ್ಕೆ ಹೋಯಿತು.

ಮುಂದಿನ ಕೋಣೆಯೊಂದರಲ್ಲಿ ದೊಡ್ಡದೊಂದು ಗಡಿಯಾರವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಶಿಯಲ್ಲಿಯೇ ತಯಾರಾದದ್ದು. ಗಂಟೆ ನಿಮಿಷಗಳ ಜತೆಗೆ ವಾರ, ತಿಂಗಳು, ಸೂರ್ಯಚಂದ್ರರ ಮತ್ತು ಗ್ರಹಗಳ ಸ್ಥಿತಿ ಇವನ್ನೂ ತೋರಿಸುವಂತೆ ಮಾಡಿದ್ದಾರೆ. ಪಂಚಾಂಗವನ್ನೇ ಚಕ್ರಗಳಲ್ಲಿ ಕೂರಿಸಿದ ಹಾಗೆ. ನಮ್ಮಾಕೆ, “ಚಂದ್ರನ ಲೆಕ್ಕ ಗಡಿಯಾರಕ್ಕೆ ಹೇಗೆ ಗೊತ್ತಾಗುತ್ತದೆ?” ಎಂದು ಕೇಳಿದಳು. ನಾನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಮಗಳೇ ಶುರುಮಾಡಿದಳು.

“ನೋಡಮ್ಮಾ, ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ. ದಿನಕ್ಕೆ ಒಂದು ಹಲ್ಲು ಮುಂದೆ ಹೋಗುವ ಚಕ್ರ ಮಾಡಬೇಕು ಅಂದರೆ ಅರ್ಧ ಹಲ್ಲು ಮಾಡುವುದಕ್ಕೆ ಆಗುವುದಿಲ್ಲವಲ್ಲ? ಅದಕ್ಕೆ ಐವತ್ತೊಂಬತ್ತು ಹಲ್ಲು ಇಡುತ್ತಾರೆ. ಅದು ಒಂದು ಸುತ್ತು ಬಂದರೆ ಎರಡು ತಿಂಗಳು. ಚಕ್ರದ ಮೇಲೆ ಎರಡು ಚಂದ್ರನ ಚಿತ್ರ ಬರೆದರಾಯಿತು. ಎಲ್ಲ ಗಡಿಯಾರದಲ್ಲೂ ಹೀಗೇ ಮಾಡಿರುತ್ತಾರೆ ಅಂತ ಅಲ್ಲ, ಇದು ಒಂದು ಸುಲಭದ ದಾರಿ.”

ಶಿವಮೊಗ್ಗದ ಶಾಲೆಯಲ್ಲಿ ಓದಿದ್ದಂತೆ. ಪಕ್ಕದಲ್ಲಿ ನಿಂತಿದ್ದ ಯಾರೋ ಪ್ರವಾಸಿಯೊಬ್ಬರು ಅವಳ ಕೈಸನ್ನೆ ನೋಡಿ ಕುತೂಹಲದಿಂದ, ಅದನ್ನೇ ಇಂಗ್ಲಿಷಿನಲ್ಲಿ ಹೇಳುವೆಯಾ ಎಂದು ಕೇಳಿದರು. ಹುಡುಗಿಯ ಮುಖ ಕೆಂಪಾಯಿತು. ಎರಡು ಮಾತು ಆಡಿದಳು, ಮೂರನೆಯದು ಸಿಕ್ಕಲಿಲ್ಲ; ತಾಯಿಯ ಬೆನ್ನ ಹಿಂದೆ ಸರಿದು ನಿಂತಳು.

ಕೋಟೆಯಿಂದ ಹೊಳೆಯ ಕಡೆ ಇಳಿಯುವ ಮೆಟ್ಟಿಲುಗಳ ಮೇಲೆ ಕುಳಿತೆವು. ಎದುರು ದಡದಲ್ಲಿ ಮರಗಳ ಆಚೆಗೆ ಹಿಂದೂ ವಿಶ್ವವಿದ್ಯಾನಿಲಯ. ಅದಕ್ಕೆ ಸುಮಾರು 1300 ಎಕರೆ ಜಮೀನು ಕೊಟ್ಟವರು ಈ ರಾಮನಗರದ ಮಹಾರಾಜ ಪ್ರಭುನಾರಾಯಣಸಿಂಹರು. ಮೊದಲನೆಯ ಕುಲಾಧಿಪತಿಗಳು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಅವರು ಮೈಸೂರು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದ್ದೂ ಅದೇ 1916ರಲ್ಲಿ.

ಆ ವರ್ಷದ ಫೆಬ್ರವರಿಯಲ್ಲಿ ಇಲ್ಲಿ ನಡೆದ ಸಮಾರಂಭದಲ್ಲಿ ಗಾಂಧಿಯವರು ಮಾತಾಡಿದರು. ನಮ್ಮ ಜನರೊಡನೆ ಪರಭಾಷೆಯಲ್ಲಿ ಮಾತಾಡಬೇಕಾಗಿರುವುದು ನಾಚಿಕೆಯ ಸಂಗತಿಯೆಂದು ಅವರು ಆ ಪರಭಾಷೆಯಲ್ಲಿಯೇ ಹೇಳಬೇಕಾಯಿತು. ಪರಭಾಷೆಯ ಹೊರೆಯಿಂದ ನಮ್ಮ ಹುಡುಗರು ಎಷ್ಟೋ ವರ್ಷ ಕಳೆದುಕೊಳ್ಳುತ್ತಾರೆಂದೂ, ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಇವರ ಸಂಶೋಧನೆಗಳು ಸಾಮಾನ್ಯ ಜನರ ಸ್ವತ್ತಾಗಿಲ್ಲವೆಂದೂ ಅವರು ನೊಂದುಕೊಂಡರು. ಎರಡು ವರ್ಷದ ಮೇಲೆ, 1918ರಲ್ಲಿ, ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ಅವರ ಗೆಳೆಯರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು.

“ಇನ್ನೊಂದು ಕೇಳು,” ಎಂದೆ ಮಗಳಿಗೆ. “ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಒಬ್ಬ ಹುಡುಗನಿದ್ದ. ತಾಯಿನುಡಿ ಚೆನ್ನಾಗಿ ಬರಲಿ ಎಂದು ತಂದೆ ಅವನನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿದರು. ಮನೆಯಲ್ಲಿ ಮಾತ್ರ ಇಂಗ್ಲಿಷಿನಲ್ಲಿ ಮಾತಾಡಿಸುತ್ತಿದ್ದರು. ಅವನು 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಮುಗಿಸಿ ಎದುರಿಗೆ ಕಾಣುತ್ತದಲ್ಲ, ಅಲ್ಲಿಗೆ ಬಂದ. 1953ರಲ್ಲಿ ಎಂ.ಎಸ್‌ಸಿ. ಮಾಡಿಕೊಂಡು ಅಮೆರಿಕೆಗೆ ಹೋದ. ಅವರೇ ಸಿ.ಎನ್.ಆರ್. ರಾವ್. 2014ರಲ್ಲಿ ಭಾರತರತ್ನ ಸ್ವೀಕರಿಸಿದರು.”

ಅವಳು ಬಹಳ ಹೊತ್ತು ಹೊಳೆ ನೋಡುತ್ತಿದ್ದು, “ಅವರಿಗೂ ಎರಡು ಬೇಕಾಯಿತು ಅನ್ನಿ,” ಎಂದಳು.

“ಎರಡು ಏನು?”

“ಎರಡು ಭಾಷೆ. ಒಂದು ತಿಳಿದುಕೊಳ್ಳುವುದಕ್ಕೆ, ಒಂದು ದಾಟುವುದಕ್ಕೆ.”

ನಾನು ಉತ್ತರ ಕೊಡಲಿಲ್ಲ. ಕೊಡುವ ಅಗತ್ಯವೂ ಕಾಣಲಿಲ್ಲ.

ಕೋಟೆಯ ಮುಂದೆ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಲಸ್ಸಿ ಕೊಡುತ್ತಾರೆ. ರಾಮನಗರದ ಲಸ್ಸಿಗೆ ಕಾಶಿಯಲ್ಲೆಲ್ಲ ಹೆಸರಿದೆ. ಪೇಟೆಯಲ್ಲಿ ಈ ಊರಿನದೇ ಆದ ದಪ್ಪ ದುಂಡು ಬದನೆಕಾಯಿಯನ್ನು ಕಂಡು ನಮ್ಮಾಕೆ ಉಡುಪಿಯ ಮಟ್ಟುಗುಳ್ಳವನ್ನು ನೆನೆದಳು. ಎರಡಕ್ಕೂ ಈಗ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆಯಷ್ಟೆ. ಒಂದು ತಿಂಗಳು ನಡೆಯುವ ರಾಮಲೀಲೆ ನಾವು ಹೋಗುವ ಹೊತ್ತಿಗೆ ಮುಗಿದಿತ್ತು. ಊರೇ ಅದರ ರಂಗಸ್ಥಳ; ಒಂದೊಂದು ದಿನ ಒಂದೊಂದು ಕಡೆ ನಡೆಯುತ್ತದೆ. ಧ್ವನಿವರ್ಧಕವಾಗಲಿ ವಿದ್ಯುದ್ದೀಪವಾಗಲಿ ಇಲ್ಲ. ಪಂಜು, ಗ್ಯಾಸ್‌ಲೈಟು ಅಷ್ಟೆ.

ಪೇಟೆಯ ಗಲ್ಲಿಯೊಂದರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಪೂರ್ವಿಕರ ಮನೆ ಇದೆ. ಈಗ ಅದನ್ನು ಸ್ಮಾರಕವಾಗಿ ಇಟ್ಟಿದ್ದಾರೆ. ಚಿಕ್ಕ ಚಿಕ್ಕ ಕೋಣೆಗಳು, ನಮ್ಮ ಕಡೆಯ ಬಡ ಮೇಷ್ಟರ ಮನೆಯಂಥದು. 1904ರಲ್ಲಿ ಮೊಘಲ್‌ಸರಾಯಿಯಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡು, ಕಾಶಿಯ ಹರಿಶ್ಚಂದ್ರ ಶಾಲೆಯಲ್ಲಿ ಓದಿದವರು ಅವರು. ದೋಣಿಯವನಿಗೆ ಕೊಡಲು ಕಾಸಿಲ್ಲದೆ ಗಂಗೆಯನ್ನು ಈಜಿ ದಾಟುತ್ತಿದ್ದರೆಂದು ಜನ ಈಗಲೂ ಹೇಳುತ್ತಾರೆ.

ಈ ಹುಡುಗ 1952ರಲ್ಲಿ ದೇಶದ ರೈಲ್ವೆ ಮಂತ್ರಿಯಾದರು. 1956ರಲ್ಲಿ ಅರಿಯಲೂರಿನ ಬಳಿ ರೈಲು ಅಪಘಾತವಾಗಿ ಅನೇಕರು ಸತ್ತಾಗ, ಹೊಣೆ ತಮ್ಮದೆಂದು ರಾಜೀನಾಮೆ ಕೊಟ್ಟರು. ಅದೇ ವರ್ಷ ಕಾಶಿಯಲ್ಲಿ ಡೀಸೆಲ್ ರೈಲೆಂಜಿನ್ನಿನ ಕಾರ್ಖಾನೆಗೆ ಅಸ್ತಿಭಾರ ಹಾಕಿದ್ದಾಗಿತ್ತು. ಅಲ್ಲಿ ತಯಾರಾದ ಮೊದಲನೆಯ ಎಂಜಿನ್ನನ್ನು 1964ರ ಜನವರಿ 3ರಂದು ದೇಶಕ್ಕೆ ಅರ್ಪಿಸಿದವರು ಇದೇ ಶಾಸ್ತ್ರಿಯವರು. 2600 ಅಶ್ವಶಕ್ತಿಯ ಎಂಜಿನ್ನು. “ಅಂಬಾರಿಯ ಮನೆಗೂ ಈ ಮನೆಗೂ ಹತ್ತು ನಿಮಿಷದ ದಾರಿ,” ಎಂದು ಮಗಳು ಬರೆದುಕೊಂಡದ್ದನ್ನು ಆಮೇಲೆ ನೋಡಿದೆ.

ಹಿಂದಿರುಗುವಾಗ ವೃದ್ಧರ ಮಾತಿನಂತೆ ಸೇತುವೆ ಹಿಡಿದೆವು. ಬ್ಯಾಟರಿ ರಿಕ್ಷಾ, ಇಲ್ಲಿಯವರು ಟೋಟೋ ಎನ್ನುತ್ತಾರೆ. ಸಾಮನೆ ಘಾಟಿನ ಈ ಸೇತುವೆ ತೆರೆದದ್ದು 2017ರಲ್ಲಿ. ಅದಕ್ಕೆ ಮುಂಚೆ ಇಲ್ಲಿ ತೇಲುಸೇತುವೆ ಇತ್ತು: ದೊಡ್ಡ ದೊಡ್ಡ ಕಬ್ಬಿಣದ ಪೀಪಾಯಿಗಳನ್ನು ಸಾಲಾಗಿ ಕಟ್ಟಿ ಮೇಲೆ ಹಲಗೆ ಹಾಸುತ್ತಿದ್ದರು. ಟೊಳ್ಳು ಪೀಪಾಯಿ ತನ್ನ ತೂಕಕ್ಕೂ ಮೇಲಿನ ಗಾಡಿಯ ತೂಕಕ್ಕೂ ಸಮನಾದ ನೀರನ್ನು ಸರಿಸುವವರೆಗೆ ಮುಳುಗಿ ಅಲ್ಲಿಗೇ ನಿಲ್ಲುತ್ತದೆ. ಆರ್ಕಿಮಿಡೀಸನ ಸೂತ್ರ. ಮಳೆಗಾಲ ಬರುವ ಮುಂಚೆ ಬಿಚ್ಚಿಡಬೇಕು. ಗಂಗೆಯ ಸೆಳೆತಕ್ಕೆ ಪೀಪಾಯಿ ತಡೆಯದು. ಆ ತಿಂಗಳುಗಳಲ್ಲಿ ಮತ್ತೆ ದೋಣಿಯೇ ಗತಿ, ಇಲ್ಲವೆ ದೂರದ ಸುತ್ತು.

ರೈಲಿನ ಕಥೆಯೂ ಹೀಗೆಯೇ. 1862ರಲ್ಲಿ ಹೌರಾದ ಕಡೆಯಿಂದ ರೈಲು ಮೊಘಲ್‌ಸರಾಯಿಗೆ ಬಂತು. ಕಾಶಿಯ ಯಾತ್ರಿಕರು ಆಚೆ ದಡದಲ್ಲಿಯೇ ಇಳಿದು ಗಂಗೆ ದಾಟಬೇಕಾಗಿತ್ತು. ರಾಜಘಾಟಿನ ಸೇತುವೆ ಆದದ್ದು 1887ರಲ್ಲಿ. ಕೆಳಗೆ ರೈಲು, ಮೇಲೆ ರಸ್ತೆ. ಈಗ ಮಾಲವೀಯರ ಹೆಸರು ಹೊತ್ತಿದೆ. ನೂರು ವರ್ಷ ಕಳೆದ ಮೇಲೆ ಸಾರಿಗೆ ಮತ್ತೆ ನೀರಿಗೇ ಇಳಿಯಿತು. 1986ರಲ್ಲಿ ಗಂಗೆಯನ್ನು ಮೊದಲನೆಯ ರಾಷ್ಟ್ರೀಯ ಜಲಮಾರ್ಗವೆಂದು ಸಾರಿದರು. 2018ರ ನವೆಂಬರಿನಲ್ಲಿ ರಾಮನಗರದ ಬಳಿ ಸರಕಿನ ಹಡಗುಕಟ್ಟೆ ತೆರೆದು, ಕಲ್ಕತ್ತೆಯಿಂದ ಹಡಗೊಂದು ಪೆಟ್ಟಿಗೆಗಳನ್ನು ಹೊತ್ತು ಬಂತು.

ಬೆಳಗ್ಗೆ ಮುಕ್ಕಾಲು ಗಂಟೆ ಹಿಡಿದ ಹೊಳೆಯನ್ನು ಸೇತುವೆಯ ಮೇಲೆ ನಾಲ್ಕೇ ನಿಮಿಷದಲ್ಲಿ ದಾಟಿದೆವು. ನಡುವೆ ಒಮ್ಮೆ ಕೆಳಗೆ ನೋಡಿದೆ. ದೋಣಿಯೊಂದು ಸಣ್ಣದಾಗಿ ಕಾಣುತ್ತಿತ್ತು. ನಮ್ಮ ಅಂಬಿಗನದೇ ಇರಬಹುದು.

ಊರಿಗೆ ಹಿಂದಿರುಗುವ ರೈಲಿನಲ್ಲಿ ಮಗಳು ಬರೆಯುತ್ತ ಕುಳಿತಳು. ಬಗ್ಗಿ ನೋಡಿದರೆ ಕನ್ನಡ! ಒಂಬತ್ತು ಪುಟ. “ಮೊದಲು ಇದರಲ್ಲಿ ಸರಿಯಾಗಲಿ,” ಎಂದಳು. ಮನೆಗೆ ಬಂದಮೇಲೆ ನಿಘಂಟು ತೆರೆದುಕೊಂಡು ಅದನ್ನು ನಾಲ್ಕು ಪುಟದ ಇಂಗ್ಲಿಷಾಗಿ ಮಾಡಲು ಮೂರು ರಾತ್ರಿ ಬೇಕಾಯಿತು. ನನ್ನನ್ನು ಕೇಳಿದ್ದು ಎರಡೋ ಮೂರೋ ಶಬ್ದ. ದೋಣಿಯ ಹುಟ್ಟಿಗೆ ಏನೆನ್ನುತ್ತಾರೆಂಬುದು ಅವುಗಳಲ್ಲೊಂದು.

ನಮ್ಮ ಸಂಘದ ಬಂಧುಗಳಲ್ಲಿ ಮನೆಯ ಮಕ್ಕಳನ್ನು ಹೀಗೆಯೇ ಹೊಸ ಶಾಲೆಗೆ ಸೇರಿಸಿ ಕಂಗೆಟ್ಟವರು ಹಲವರಿದ್ದಾರೆಂದು ಬಲ್ಲೆ. ಅವರು ಕಾಶಿಗೆ ಹೋದಾಗ ಒಂದು ಬೆಳಗ್ಗೆ ರಾಮನಗರಕ್ಕೆ ಮೀಸಲಿಡಲಿ. ಚಳಿಗಾಲ ಒಳ್ಳೆಯದು. ಹೋಗುವಾಗ ದೋಣಿ, ಬರುವಾಗ ಸೇತುವೆ.

ಹೋದ ವಾರ ಪ್ರಬಂಧ ಹಿಂದಕ್ಕೆ ಬಂತು. ಮೇಷ್ಟರು ಕೆಂಪು ಶಾಯಿಯಲ್ಲಿ ಹನ್ನೊಂದು ತಪ್ಪು ಗುರುತಿಸಿದ್ದಾರೆ. ಮಗಳು ಅವನ್ನು ಒಂದೊಂದಾಗಿ ಎಣಿಸಿ ತೋರಿಸಿ, “ಹನ್ನೊಂದೂ ವ್ಯಾಕರಣದವು ಅಪ್ಪಾ. ವಿಜ್ಞಾನದ್ದು ಒಂದೂ ಇಲ್ಲ,” ಎಂದಳು.