ಹಿರಿಯವನ ಮುನಿಸು

ಜಪಾನಿನ ನಿಂಟೆಂಡೊ ಸಂಸ್ಥೆಯ ‘ಜೆಲ್ಡಾ’ ಎಂಬ ವಿಡಿಯೋ ಆಟಕ್ಕಾಗಿ ನನ್ನ ಮಕ್ಕಳಿಬ್ಬರು ಊಟ ಮರೆತು ವಾದಿಸುವುದನ್ನು ಕಂಡಿದ್ದರೆ ನೀವೂ ನಗುತ್ತಿದ್ದಿರಿ. ಒಂದಾದ ಮೇಲೊಂದು ಕೋಟೆ ದಾಟುವ ಹಳೆಯ ಕ್ರಮವನ್ನು 2017ರ ಆಟ ಕೈಬಿಟ್ಟು, ಆಟಗಾರನನ್ನು ವಿಶಾಲ ಬಯಲಿನಲ್ಲಿ ಅವನಿಚ್ಛೆಗೆ ಬಿಟ್ಟಿತು. ಪರಂಪರೆಯೇ ಕೆಟ್ಟಿತೆಂದು ಹಿರಿಯವನ ಅಳಲು.

“ಅಣ್ಣಾ, 1986ರ ಮೊದಲ ಆಟವೂ ಬಯಲಿನಲ್ಲೇ ಬಿಟ್ಟಿತ್ತಲ್ಲ!” ಎಂದ ಕಿರಿಯವನು.

ನನ್ನ ನಗು ನಿಂತಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ತರುವಾಯ ಬಲಿಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂದಾಗ ನನ್ನ ತಂದೆಯವರು ಬಹುಕಾಲ ಮುನಿದಿದ್ದರು. ರೋಮಿನಲ್ಲಿಯೂ ಆದಿಯಲ್ಲಿ ಪೂಜೆ ಗ್ರೀಕಿನಲ್ಲಿತ್ತು, ಲ್ಯಾಟಿನ್ ಆಮೇಲೆ ಬಂದ ಜನರ ಭಾಷೆ ಎಂಬುದನ್ನು ನಾನರಿತದ್ದು ಅವರು ತೀರಿಕೊಂಡ ಮೇಲೆ. ಅರಿತಿದ್ದರೂ ಹೇಳುತ್ತಿದ್ದೆನೋ ಇಲ್ಲವೋ. ಕಡೆಯ ದಿನ ಅವರ ತುಟಿಗಳಲ್ಲಿದ್ದದ್ದು ಲ್ಯಾಟಿನ್ ಜಪವೇ.

ಹಿರಿಯವನ ತಟ್ಟೆಗೆ ಸದ್ದಿಲ್ಲದೆ ಇನ್ನಷ್ಟು ಅನ್ನ ಬಡಿಸಿದೆ.