ಒಂದು ಕಾಲಿನ ಲೆಕ್ಕ

2024ರ ಸೆಪ್ಟೆಂಬರ್ 29ರ ಭಾನುವಾರ ಬಲಿಪೂಜೆಯಲ್ಲಿ ನೀವು ಕೇಳಿದ ಶುಭಸಂದೇಶ ನೆನಪಿದೆಯೇ? ಮಾರ್ಕನ ಒಂಬತ್ತನೆಯ ಅಧ್ಯಾಯ. ಪಾಪಕ್ಕೆ ಕಾರಣವಾಗುವ ಕಾಲನ್ನು ಕಡಿದುಹಾಕಿ, ಕುಂಟನಾಗಿಯಾದರೂ ಜೀವವನ್ನು ಸೇರುವುದು ಲೇಸೆಂದು ಪ್ರಭು ಕಠಿಣವಾಗಿ ನುಡಿಯುವ ಭಾಗ. ಇದು ಅತಿಶಯೋಕ್ತಿಯ ಮಾತು, ಅಕ್ಷರಶಃ ತೆಗೆದುಕೊಳ್ಳಬಾರದು ಎಂದು ಗುರುಮಠದಲ್ಲಿ ನಮಗೆ ಕಲಿಸಿದ್ದರು. ನಾನೂ ಅನೇಕ ವರ್ಷ ಹಾಗೆಯೇ ಬೋಧಿಸಿದ್ದೇನೆ. ಆದರೆ ಅಂದು ಎರಡನೆಯ ಬೆಂಚಿನ ತುದಿಯಲ್ಲಿ ಒಬ್ಬರು ಕುಳಿತಿದ್ದರು. ಅವರ ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಶುಭಸಂದೇಶಕ್ಕೆ ಎಲ್ಲರೂ ಎದ್ದಾಗ ಅವರ ಕೃತಕ ಕಾಲಿನ ಪಟ್ಟಿಯ ಸದ್ದು ನಾನಿದ್ದಲ್ಲಿಗೂ ಕೇಳಿಸಿತು. ವಾಚನವನ್ನೇನೋ ಮುಗಿಸಿದೆ, ಪ್ರಬೋಧನೆಯಲ್ಲಿ ಮಾತ್ರ ಆ ವಾಕ್ಯವನ್ನು ಮುಟ್ಟದೆ ಮುಂದೆ ಹೋದೆ. ಏಕೆಂದರೆ ಆ ಕಾಲಿನ ವಿಷಯದಲ್ಲಿ ನನ್ನದೊಂದು ಪಾಲಿದೆ.

2018ರ ಬೇಸಿಗೆ. ಮೂಡಿಗೆರೆ ಸೀಮೆಯ ತೋಟವೊಂದರಲ್ಲಿ ಸಿಲ್ವರ್ ಓಕ್ ದಿಮ್ಮಿಗಳನ್ನು ಲಾರಿಗೆ ಹೇರುವಾಗ ಒಂದು ದಿಮ್ಮಿ ಉರುಳಿ ಅವರ ಕಾಲಿನ ಮೇಲೆ ಬಂತು. ಮೂಳೆ ಚೂರಾಗಿ ಚರ್ಮ ಹರಿದು ಹೊರಗೆ ಕಾಣುತ್ತಿತ್ತು. ಜೀಪಿನಲ್ಲಿ ಮಲಗಿಸಿಕೊಂಡು ಚಾರ್ಮಾಡಿ ಘಾಟಿಯ ತಿರುವುಗಳನ್ನೆಲ್ಲ ಇಳಿದು ಕರಾವಳಿಯ ಆಸ್ಪತ್ರೆ ಸೇರಿಸುವಷ್ಟರಲ್ಲಿ ಕತ್ತಲಾಗಿತ್ತು. ಮರುದಿನ ನಾನು ಹೋದೆ. ವೈದ್ಯರು ಅವರ ತಮ್ಮನನ್ನೂ ನನ್ನನ್ನೂ ಪಕ್ಕಕ್ಕೆ ಕರೆದು, ಇಂತಹ ಗಾಯಗಳಿಗೆ ಕೊಯಮತ್ತೂರಿನ ಗಂಗಾ ಆಸ್ಪತ್ರೆಯವರು ರೂಪಿಸಿರುವ ಒಂದು ಅಂಕಪಟ್ಟಿಯ ಬಗ್ಗೆ ವಿವರಿಸಿದರು. ಚರ್ಮ, ಮೂಳೆ, ಸ್ನಾಯು, ರೋಗಿಯ ಒಟ್ಟು ಸ್ಥಿತಿ ಇವುಗಳಿಗೆ ಅಂಕ ಹಾಕುತ್ತಾರೆ. ಒಟ್ಟು 14 ಅಥವಾ ಕಡಿಮೆಯಾದರೆ ಕಾಲನ್ನು ಉಳಿಸುವ ಪ್ರಯತ್ನ, 17 ಅಥವಾ ಹೆಚ್ಚಾದರೆ ತೆಗೆಯುವುದೇ ವಾಸಿ. ನಡುವಿನ 15-16 ಸಂದಿಗ್ಧ. ಇವರದು ಆ ಸಂದಿಗ್ಧದಲ್ಲೇ ನಿಂತಿತ್ತು.

"ಫಾದರ್, ನೀವೇ ಹೇಳಿ" ಎಂದರು ತಮ್ಮ.

ನಾನು ಹೇಳಿಬಿಟ್ಟೆ. ದೇವರು ಕೊಟ್ಟ ಕಾಲು, ಕೊನೆಯವರೆಗೂ ಉಳಿಸುವ ಪ್ರಯತ್ನ ಮಾಡೋಣ, ನಾವೆಲ್ಲ ಪ್ರಾರ್ಥಿಸುತ್ತೇವೆ ಎಂದೆ. ಅವರ ಪತ್ನಿ ಹತ್ತಡಿ ದೂರದ ಬೆಂಚಿನಲ್ಲಿ ಜಪಸರ ಹಿಡಿದು ಕುಳಿತಿದ್ದರು. ಅವರನ್ನು ಯಾರೂ ಕರೆಯಲಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾಲಿನ ಸುತ್ತ ಉಕ್ಕಿನ ಬಳೆಗಳನ್ನು ತೊಡಿಸಿ ತಂತಿಗಳಿಂದ ಮೂಳೆಯನ್ನು ಹಿಡಿದಿಡುವ ಚಿಕಿತ್ಸೆ. ಸೈಬೀರಿಯಾದ ಕುರ್ಗಾನ್ ಎಂಬ ಊರಿನಲ್ಲಿ ಇಲಿಜಾರೋವ್ ಎಂಬ ವೈದ್ಯರು ಕಂಡುಹಿಡಿದ ಈ ವಿಧಾನದಲ್ಲಿ ಮೂಳೆಯನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ ಬೆಳೆಸಬಹುದಂತೆ. ನಿಜಕ್ಕೂ ಬೆಳೆಯಿತು. ಆದರೆ ಮೂಳೆಯೊಳಗೆ ಕೀವಾಯಿತು. ಎರಡು ವರ್ಷಗಳಲ್ಲಿ ಏಳು ಶಸ್ತ್ರಚಿಕಿತ್ಸೆ. ಅರ್ಧ ಎಕರೆ ಕಾಫಿ ಹೋಯಿತು, ಮಗಳ ನರ್ಸಿಂಗ್ ಓದು ನಿಂತಿತು. ಕೊನೆಗೆ 2020ರಲ್ಲಿ ಕಾಲನ್ನು ತೆಗೆದರು. ಆ ಎರಡು ವರ್ಷಗಳಲ್ಲಿ ನಾನು ಅವರ ಮನೆಗೆ ಹೋದದ್ದು ಎಷ್ಟು ಸಲ ಎಂದು ಲೆಕ್ಕ ಹಾಕಿದರೆ ಒಂದು ಕೈಯ ಬೆರಳುಗಳೇ ಹೆಚ್ಚಾಗುತ್ತವೆ.

ನಮ್ಮ ಧರ್ಮಸಭೆಯಲ್ಲಿ ಮುರಿದ ಕಾಲಿನ ಒಂದು ದೊಡ್ಡ ಕಥೆ ಇದೆ, ನಿಮಗೆ ತಿಳಿದದ್ದೇ. 1521ರ ಮೇ 20ರಂದು ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿಯ ಗುಂಡು ಸಂತ ಇಗ್ನೇಷಿಯಸರ ಕಾಲನ್ನು ಮುರಿಯಿತು. ಆ ಕಥೆಯನ್ನು ನಾವು ಹಾಸಿಗೆಯ ಬಳಿಯ ಪುಸ್ತಕಗಳಿಗೂ ಮನಪರಿವರ್ತನೆಗೂ ಬೇಗ ದಾಟಿಸಿಬಿಡುತ್ತೇವೆ. ತಪ್ಪಾಗಿ ಕೂಡಿದ ಮೂಳೆಯನ್ನು ಮತ್ತೆ ಮುರಿದು ಕೂಡಿಸಿದ್ದು, ಬಿಗಿಯಾದ ಬೂಟು ಹಾಕಿಕೊಳ್ಳಬೇಕೆಂಬ ಆಸೆಗೆ ಉಬ್ಬಿದ ಮೂಳೆಯನ್ನು ಅವರೇ ಗರಗಸದಿಂದ ಕೊಯ್ಯಿಸಿಕೊಂಡದ್ದು, ಗಿಡ್ಡವಾದ ಕಾಲನ್ನು ದಿನಗಟ್ಟಲೆ ಎಳೆಸಿಕೊಂಡದ್ದು, ಇದೆಲ್ಲವೂ ನಡೆದದ್ದು ಅರಿವಳಿಕೆ ಇಲ್ಲದ ಕಾಲದಲ್ಲಿ. ಮರುವರ್ಷ ಬರಿಗಾಲಿನ ಯಾತ್ರಿಕನಾಗಬೇಕೆಂದು ಹೊರಟಾಗಲೂ ಊದಿದ್ದ ಆ ಒಂದು ಪಾದಕ್ಕೆ ಮಾತ್ರ ಚಪ್ಪಲಿ ಮೆಟ್ಟಿದ್ದರು. ಜೀವನವಿಡೀ ಕುಂಟಿದರು. ನಾನು ಅವರ ಬಗ್ಗೆ ಎಷ್ಟೋ ಪ್ರಬೋಧನೆ ಮಾಡಿದ್ದೇನೆ. ನಡೆಯುವಾಗ ಆ ಕಾಲು ನೋಯುತ್ತಿತ್ತೇ ಎಂದು ಒಮ್ಮೆಯೂ ಯೋಚಿಸಿದವನಲ್ಲ.

ಆ ಭಾನುವಾರದ ಕೆಲವು ವಾರಗಳ ನಂತರ, ಫಿಸಿಯೋಥೆರಪಿ ಓದುತ್ತಿರುವ ನಮ್ಮ ಧರ್ಮಕೇಂದ್ರದ ಹೆಣ್ಣುಮಗಳೊಬ್ಬಳು ಒಂದಷ್ಟು ಹಾಳೆಗಳನ್ನು ತಂದಳು. ಕಾಲು ಉಳಿಸಿಕೊಂಡವರ, ಕಳೆದುಕೊಂಡವರ ಜೀವನದ ಗುಣಮಟ್ಟವನ್ನು ಅಳೆಯುವ ಪ್ರಶ್ನಾವಳಿಗಳವು. "ಫಾದರ್, ಈ ಕನ್ನಡ ನಮ್ಮ ತೋಟದ ಜನರಿಗೆ ಅರ್ಥವಾಗುತ್ತದೆಯೇ, ನೋಡಿಕೊಡಿ" ಎಂದಳು. ಬಾಳನ್ನು ಅಂಕಗಳಲ್ಲಿ ಅಳೆಯುವುದೇ ಎಂದು ಮೊದಲು ಮನಸ್ಸು ಮುದುಡಿತು. ಆಕೆ ಸಮಾಧಾನದಿಂದ ವಿವರಿಸಿದಳು.

ಅಮೆರಿಕದ 8 ದೊಡ್ಡ ಆಸ್ಪತ್ರೆಗಳಲ್ಲಿ ಕಾಲಿಗೆ ಭೀಕರ ಗಾಯವಾಗಿದ್ದ 569 ಮಂದಿಯನ್ನು ವೈದ್ಯರು ಹಿಂಬಾಲಿಸಿ ನೋಡಿದರು. 2002ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಎರಡು ವರ್ಷಗಳ ನಂತರ ಕಾಲು ಉಳಿಸಿಕೊಂಡವರ ಮತ್ತು ಕಳೆದುಕೊಂಡವರ ಅಂಕಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ಎರಡೂ ಗುಂಪಿನಲ್ಲಿ ಕೆಲಸಕ್ಕೆ ಮರಳಿದವರು ಸುಮಾರು ಅರ್ಧದಷ್ಟೇ. ಕಾಲು ಉಳಿಸಿಕೊಂಡವರು ಮತ್ತೆ ಮತ್ತೆ ಆಸ್ಪತ್ರೆ ಸೇರಿದ್ದು ಹೆಚ್ಚು. ಹಾಗಾದರೆ ಬಾಳು ಹದಗೆಟ್ಟದ್ದು ಯಾರದು? ಬಡವರದು, ಕಡಿಮೆ ಓದಿದವರದು, ಆಸರೆಯ ಜನರಿಲ್ಲದವರದು, ತನ್ನಿಂದಾಗುತ್ತದೆ ಎಂಬ ಧೈರ್ಯ ಕುಂದಿದವರದು.

ಇದನ್ನು ಕೇಳಿ ನನಗೆ ಮೊದಲು ಹಗುರವೆನಿಸಿತು. ನನ್ನ ಸಲಹೆ ತಪ್ಪಾಗಿರಲಿಲ್ಲ ಎಂದಾಯಿತಲ್ಲ! ರಾತ್ರಿ ಮಲಗಿದಾಗ ಆ ಪಟ್ಟಿ ಮತ್ತೆ ನೆನಪಾಯಿತು. ಆಸರೆಯ ಜನ. ಕಾಲಿನ ಬಗ್ಗೆ ನಾನು ಒಂದೇ ನಿಮಿಷದಲ್ಲಿ ತೀರ್ಪು ಕೊಟ್ಟಿದ್ದೆ. ನನ್ನ ಕೈಯಲ್ಲಿ ನಿಜವಾಗಿ ಇದ್ದದ್ದನ್ನು ಕೊಟ್ಟಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಹಾಳೆಯನ್ನು ಹಿಡಿದು ಅವರ ಮನೆಗೆ ಹೋದೆ. ಇನ್ನೊಂದು ಪ್ರಸಿದ್ಧ ಪ್ರಶ್ನಾವಳಿಯ ಇಂಗ್ಲಿಷ್ ಮೂಲದಲ್ಲಿ ಗಾಲ್ಫ್ ಆಡುವುದು ಕಷ್ಟವಾಗುತ್ತದೆಯೇ ಎಂಬ ಮಾತಿದೆ. ಅದನ್ನು ಹೇಳಿದಾಗ ಅವರು ಮನಸಾರೆ ನಕ್ಕರು. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದನ್ನು, ಕುಕ್ಕರಗಾಲಿನಲ್ಲಿ ಕೂರುವುದನ್ನು, ಜಾರುವ ಇಳಿಜಾರಿನಲ್ಲಿ ತೋಟಕ್ಕಿಳಿಯುವುದನ್ನು, ಪರಮ ಪ್ರಸಾದದ ಮುಂದೆ ಮೊಣಕಾಲೂರುವುದನ್ನು ಯಾವ ಹಾಳೆಯೂ ಕೇಳಿರಲಿಲ್ಲ. ಇವುಗಳಲ್ಲಿ ಕೆಲವನ್ನಾದರೂ ಮನಸ್ಸಿನಲ್ಲಿಟ್ಟುಕೊಂಡೇ 1968ರಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾಕ್ಟರ್ ಪಿ.ಕೆ. ಸೇಠಿ ರಬ್ಬರಿನ ಪಾದವನ್ನು ರೂಪಿಸಿದರು. ನಮ್ಮ ಜನ ಬರಿಗಾಲಿನಲ್ಲಿ ಕೆಸರಿನಲ್ಲಿ ನಡೆಯುವವರು, ನೆಲದ ಮೇಲೆ ಕೂರುವವರು ಎಂದು ಅವರು ಗಮನಿಸಿದ್ದರು.

ಓಡಾಟದ ಬಗ್ಗೆ ನಿಮಗೆ ಎಷ್ಟು ತೃಪ್ತಿಯಿದೆ ಎಂದು ಕೇಳಿದೆ.

"ಬೇಸಿಗೆಗೋ ಮಳೆಗಾಲಕ್ಕೋ, ಫಾದರ್?" ಎಂದರು. ಜೂನಿನಿಂದ ನಾಲ್ಕು ತಿಂಗಳು ಕಾಲಿನ ತುದಿ ಒದ್ದೆಯಿಂದ ಹುಣ್ಣಾಗಿ ಕೃತಕ ಕಾಲನ್ನು ತೊಡಲಾಗುವುದಿಲ್ಲವಂತೆ. ಹಾಳೆಯಲ್ಲಿ ಕಳೆದ ಎರಡು ವಾರಗಳದ್ದನ್ನು ಮಾತ್ರ ಕೇಳಿತ್ತು. ಬೇಸಿಗೆಯಲ್ಲಿ ಕಣದಲ್ಲಿ ಕಾಫಿ ಒಣಗಿಸುತ್ತಾರೆ, ರೈಟರಿಗೆ ಲೆಕ್ಕ ಬರೆದುಕೊಡುತ್ತಾರೆ.

ಕೊನೆಗೆ ಹಾಳೆಯಲ್ಲಿಲ್ಲದ ಪ್ರಶ್ನೆಯನ್ನು ಕೇಳಿದೆ. ಮೊದಲ ದಿನವೇ ಕಾಲು ತೆಗೆಸಿದ್ದರೆ ಒಳ್ಳೆಯದಿತ್ತೇ?

ಅವರು ಬಹಳ ಹೊತ್ತು ಅಂಗಳದತ್ತ ನೋಡಿದರು. "ಆಗ ತೆಗೆದಿದ್ದರೆ ಇವತ್ತಿಗೂ ನಿಮ್ಮನ್ನು ಬೈಯುತ್ತಿದ್ದೆ, ಫಾದರ್. ಉಳಿಸಬಹುದಿತ್ತು ಅಂತ ಕೊರಗುತ್ತಿದ್ದೆ. ಕಾಲು ಹೋದದ್ದಕ್ಕಿಂತ ಮಗಳ ಓದು ಹೋದದ್ದು ಜಾಸ್ತಿ ನೋಯುತ್ತದೆ. ಅದನ್ನು ಇದರಲ್ಲಿ ಎಲ್ಲಿ ಬರೆಯುತ್ತೀರಿ?"

ನಾನು ಹಾಳೆಯನ್ನು ತಿರುಗಿಸಿ ನೋಡಿದೆ. ಜಾಗವಿರಲಿಲ್ಲ.

ಬಾಗಿಲ ಬಳಿ ಅವರ ಪತ್ನಿ ಕಾಫಿ ಲೋಟ ಹಿಡಿದು ನಿಂತಿದ್ದರು. "ನನಗೊಂದು ಹಾಳೆ ಇಲ್ಲವೇ, ಫಾದರ್?" ಎಂದರು. ತಮಾಷೆಗೆ ಕೇಳಿದ್ದಿರಬೇಕು ಎಂದುಕೊಂಡು ಮುಖ ನೋಡಿದೆ, ತಮಾಷೆ ಇರಲಿಲ್ಲ. ನನ್ನ ಬಳಿ ಇದ್ದದ್ದು ಅದೊಂದೇ. ಕುಳಿತುಕೊಳ್ಳಿ ಎಂದೆ, ಹಿಂಬದಿಯ ಖಾಲಿ ಪುಟದಲ್ಲಿ ಅವರ ಹೆಸರು ಬರೆದು, ಮೊದಲನೆಯ ಪ್ರಶ್ನೆಯಿಂದ ಮತ್ತೆ ಓದತೊಡಗಿದೆ.